ಎರಡನೇ ಗುಂಡಿಯ ಪಂಪು

ಹಿತ್ತಲ ಗೋಡೆಯ ಮೇಲಿನ ಕೆಂಪು ದೀಪ ಹೊತ್ತಿಕೊಂಡು, ಅದರ ಕೆಳಗಿನ ಡಬ್ಬಿ ಕೀ ಎಂದು ಕಿರುಚತೊಡಗಿದಾಗ ಮನೆಯವರೆಲ್ಲ ಬೆಳಗಿನ ಟೀಗೆ ಕೂತಿದ್ದರು. ಎರಡು ನಿಮಿಷ ಯಾರೂ ಏಳಲಿಲ್ಲ. ನಾಲ್ಕು ಜನರಿರುವ ಮನೆಯಲ್ಲಿ ಒಬ್ಬೊಬ್ಬರಿಗೂ ಉಳಿದ ಮೂವರಿದ್ದಾರಲ್ಲ ಎಂಬ ಧೈರ್ಯ ಇರುತ್ತದೆ.

"ಏನೋ ಅದು? ಕಿವಿ ತೂತು ಬೀಳ್ತಿದೆ," ಎಂದಳು ಅಜ್ಜಿ.

"ಗುಂಡಿ ಪಂಪಿಂದು. ನೋಡ್ತೀನಿ ಇರು," ಎಂದ ಮಗ.

ಅವನು ಬಸ್ ಡಿಪೋದ ಗೇಟಿನಲ್ಲಿ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆಯುವವನು. ಎಂಟೂವರೆಗೆ ಗೇಟಿನಲ್ಲಿರಬೇಕು. ಹಾಗಾಗಿ ಅವನು ಹೆಚ್ಚೇನೂ ನೋಡಲಿಲ್ಲ. ಇಕ್ಕಳ ತಂದು ಡಬ್ಬಿಯ ವೈರನ್ನು ಕತ್ತರಿಸಿದ. ಕಿರುಚಾಟ ನಿಂತಿತು. ದೀಪ ಹೊತ್ತಿಕೊಂಡೇ ಇತ್ತು, ಆದರೆ ಅದಕ್ಕೆ ಬಾಯಿರಲಿಲ್ಲ.

"ರೀ, ರಿಪೇರಿಯವರಿಗೊಂದು ಫೋನ್ ಮಾಡಿ," ಎಂದಳು ಸೊಸೆ.

"ಮಾಡೋಣ, ಭಾನುವಾರ."

ಸೊಸೆ ಎಲ್ಲರಿಗೂ ಇನ್ನೊಮ್ಮೆ ಟೀ ಬಗ್ಗಿಸಿದಳು. ಅಜ್ಜಿ ಲೋಟದ ಮೇಲೆ ಕೈ ಅಡ್ಡ ಹಿಡಿದಳು. "ನಂಗೆ ಅರ್ಧ ಲೋಟಾನೇ ಜಾಸ್ತಿ." ಕೆಲವು ತಿಂಗಳಿಂದ ಟೀ, ನೀರು, ಹಾಲು ಎಲ್ಲವೂ ಅವಳಿಗೆ ಅರ್ಧ ಲೋಟ. ಕೇಳಿದರೆ, "ವಯಸ್ಸಾದ್ಮೇಲೆ ಮಿತ ಇರ್ಬೇಕು. ಬಕೆಟ್‌ಗಟ್ಟಲೆ ಕುಡಿಯೋಕೆ ನಾನೇನು ಎಮ್ಮೆನಾ?" ಎನ್ನುತ್ತಿದ್ದಳು.

ಭಾನುವಾರದ ತನಕ ಗುಂಡಿ ಕಾಯಲಿಲ್ಲ. ಗುರುವಾರ ಬೆಳಿಗ್ಗೆ ಕಾಲೇಜಿಗೆ ಹೊರಡುವ ಅವಸರದಲ್ಲಿ ಸ್ನಾನಕ್ಕೆ ಹೋದ ಮೊಮ್ಮಗಳು ಚೀರಿಕೊಂಡು ಹೊರಬಂದಳು. ಬಚ್ಚಲ ಮೂಲೆಯ ಜಾಲರಿಯಿಂದ ಕಪ್ಪು ನೀರು ಗುಳುಗುಳು ಎಂದು ಮೇಲೆ ಬರುತ್ತಿತ್ತು.

"ಅಪ್ಪಾ, ಅಲ್ಲಿ ಬಾಯಿ ಮುಚ್ಚಿಸಿದ್ಯಲ್ಲ, ಇಲ್ಲಿ ಮಾತಾಡ್ತಿದೆ ನೋಡು ಬಾ!"

ರಿಪೇರಿಯವನು ಬಂದದ್ದು ಮಧ್ಯಾಹ್ನ. ಅರವತ್ತರ ಆಸುಪಾಸಿನವನು, ಒಂದು ಮಂಡಿ ಮಡಚಲು ಬರುತ್ತಿರಲಿಲ್ಲ, ಆ ಕೊರತೆಯನ್ನು ನಾಲಿಗೆ ತುಂಬಿಕೊಡುತ್ತಿತ್ತು. ಮಗ ಡಿಪೋದಲ್ಲಿದ್ದ. ಸೊಸೆ ಸೆರಗಿನಂತೆ ಹೆಗಲ ಟವೆಲನ್ನೇ ಮೂಗಿಗೆ ಹಿಡಿದು ಪಕ್ಕದಲ್ಲಿ ನಿಂತಳು. ಹಿತ್ತಲಿನಲ್ಲಿ ಎರಡು ಮುಚ್ಚಳಗಳಿದ್ದವು. ಅವನು ಎರಡನೆಯದನ್ನು ಸರಿಸಿ ಟಾರ್ಚ್ ಬಿಟ್ಟ.

"ಈ ಮನೇಲಿ ಎಷ್ಟು ವರ್ಷದಿಂದ ಇದೀರಮ್ಮ?"

"ಇಪ್ಪತ್ತೊಂದು."

"ಇದು ಹೇಗೆ ಕೆಲಸ ಮಾಡುತ್ತೆ ಗೊತ್ತಾ?"

"ಮಾಡುತ್ತೆ ಅನ್ನೋದಷ್ಟೇ ಗೊತ್ತಿತ್ತು."

"ಕೇಳಿ ಹಾಗಾದ್ರೆ. ನಿಮ್ಮ ಮನೆ ರಸ್ತೆಗಿಂತ ತಗ್ಗಲ್ಲಿದೆ. ಚರಂಡಿ ಮೇಲಿದೆ. ನೀರು ತಾನಾಗಿ ಮೇಲೆ ಹತ್ತಲ್ಲ, ಹತ್ತಿಸ್ಬೇಕು. ಮನೆ ಹೊಲಸೆಲ್ಲ ಮೊದಲು ಆ ಗುಂಡಿಗೆ ಬರುತ್ತೆ. ಗಟ್ಟಿ ಇರೋದು ತಳ ಸೇರುತ್ತೆ, ಜಿಡ್ಡು ಮೇಲೆ ತೇಲುತ್ತೆ, ಮಧ್ಯದ ನೀರು ಮಾತ್ರ ಇಲ್ಲಿಗೆ ದಾಟುತ್ತೆ. ಇಲ್ಲಿ ಪಂಪು ಮುಳುಗಿ ಕೂತಿರುತ್ತೆ. ಈ ಚೆಂಡು ಕಾಣ್ತಾ? ಇದು ಫ್ಲೋಟು. ನೀರು ಏರಿದ್ರೆ ಇದು ತೇಲುತ್ತೆ, ಒಳಗಿನ ಸ್ವಿಚ್ ಆನ್ ಆಗುತ್ತೆ, ಪಂಪು ಓಡುತ್ತೆ. ನೀರಿಳಿದ್ರೆ ಜೋತು ಬೀಳುತ್ತೆ, ಪಂಪು ನಿಲ್ಲುತ್ತೆ. ಅದರ ಮೇಲೆ ಇನ್ನೊಂದು ಚೆಂಡು. ಅಲ್ಲಿ ತನಕ ನೀರು ಬಂತು ಅಂದ್ರೆ ಪಂಪು ಕೈಕೊಟ್ಟಿದೆ ಅಂತ. ಆಗ ಕೂಗುತ್ತೆ. ಕೂಗ್ಲಿಲ್ವಾ?"

ಸೊಸೆ ಗೋಡೆಯ ಕಡೆ ನೋಡಿದಳು. ಕತ್ತರಿಸಿದ ವೈರು ನೇತಾಡುತ್ತಿತ್ತು. "ಕೂಗಿತ್ತು," ಎಂದಳು.

"ಬಿಡಿ, ಎಲ್ಲರ ಮನೇಲೂ ಮೊದಲು ಅದರ ಕತ್ತೇ ಹೋಗೋದು."

ಅಜ್ಜಿ ಅಡುಗೆಮನೆಯ ಕಿಟಕಿಯಲ್ಲಿ ಮುಖವಿಟ್ಟು, "ಒಳಗೆ ಇಳೀತೀಯೇನಪ್ಪ?" ಎಂದು ಕೇಳಿದಳು.

"ಇಳಿಯಲ್ಲಮ್ಮ. ಒಳಗಿನ ಗಾಳಿ ಕುಡಿದವರು ಹತ್ತಿ ಬರಲ್ಲ. ಪಂಪೇ ಮೇಲೆ ಬರುತ್ತೆ."

ಅವನು ಸರಪಳಿ ಹಿಡಿದು ಎಳೆದ. ಬಿಂದಿಗೆಯಷ್ಟು ದಪ್ಪದ ಕಪ್ಪು ಪಂಪು ನೀರು ಸುರಿಸುತ್ತ ಮೇಲೆ ಬಂತು. ಅದನ್ನು ಬೋರಲು ಹಾಕಿ, ಬುಡದ ಬಾಯಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿ ಮೀಟಿ ಒಂದು ಮುದ್ದೆ ಹೊರತೆಗೆದ. ಕೊಳೆತು ನಾರಾಗಿತ್ತು.

"ಬಟ್ಟೆ. ತಿರುಗೋ ರೆಕ್ಕೆಗೆ ಸುತ್ಕೊಂಡಿದೆ. ರೆಕ್ಕೆ ನಿಂತ್ರೂ ಕರೆಂಟು ನಿಲ್ಲಲ್ಲ ನೋಡಿ, ಮೋಟರ್ ಕಾದು ಕಾದು ಸುಟ್ಟಿದೆ. ವೈಂಡಿಂಗ್ ಆಗ್ಬೇಕು. ಹತ್ತು ದಿನ ಅಂದ್ಕೊಳ್ಳಿ."

ಬಟ್ಟೆ ಎಂಬ ಒಂದು ಮಾತು ಸಾಕಾಯಿತು.

ಸೊಸೆ ನಾಲ್ಕು ವರ್ಷದಿಂದ ಎರಡು ಬೀದಿ ಆಚೆಯ ನರ್ಸಿಂಗ್ ಹೋಮಿನ ಚಾದರ, ದಿಂಬಿನ ಚೀಲಗಳನ್ನು ಒಗೆದುಕೊಡುತ್ತಿದ್ದಳು. ಹಿತ್ತಲ ತಗಡಿನ ಶೆಡ್ಡಿನಲ್ಲಿ ಅವಳ ದೊಡ್ಡ ಮೆಷಿನ್ನು ಇತ್ತು. ಅದು ಬರುವ ಮೊದಲು ಹದಿನೇಳು ವರ್ಷ ಚಪ್ಪಲಿ ಕಿತ್ತುಹೋದರೂ ಗಂಡನ ಮುಂದೆ ನಿಂತು ಕೇಳಬೇಕಿತ್ತು, ಅವನು "ಮೊನ್ನೆ ತಾನೇ ತಗೊಂಡಿದ್ಯಲ್ಲ" ಎನ್ನುತ್ತಿದ್ದ. ಮೆಷಿನ್ನು ಬಂದ ಮೇಲೆ ಅವಳು ಕೇಳಿರಲಿಲ್ಲ. ಮಗಳ ಕಾಲೇಜಿನ ಫೀಸೂ ಅವಳದೇ. ಆ ಮನೆಯಲ್ಲಿ ಅವಳದು ಎಂದು ಹೇಳಿಕೊಳ್ಳಲು ಇದ್ದದ್ದು ಗಡಗಡ ಎನ್ನುವ ಆ ಡಬ್ಬಿ ಒಂದೇ.

ರಾತ್ರಿ ಊಟಕ್ಕೆ ಅನ್ನ, ಬೇಳೆ, ಆಲೂಗಡ್ಡೆ ಇತ್ತು. ಮಗ ಮೊದಲ ತುತ್ತಿಗೇ ಶುರುಮಾಡಿದ.

"ದಿನಕ್ಕೆ ಇಪ್ಪತ್ತು ಚಾದರ. ಗುಂಡಿ ಕಟ್ಕೊಳ್ದೆ ಇನ್ನೇನಾಗುತ್ತೆ?"

"ಪೈಪಿನ ಬಾಯಿಗೆ ಜಾಲರಿ ಕಟ್ಟಿದೀನಿ. ದಿನಾ ನಾನೇ ಬಿಚ್ಚಿ ನೂಲು ತೆಗೀತೀನಿ. ಅದನ್ನ ದಾಟಿ ಬಟ್ಟೆ ಹೋಗಲ್ಲ."

"ಮತ್ತೆ ಬಟ್ಟೆ ಎಲ್ಲಿಂದ ಬಂತು? ತಾನೇ ನಡ್ಕೊಂಡು ಹೋಯ್ತಾ?"

"ಊರವರ ಕೊಳೆನೆಲ್ಲ ಮನೆಗೆ ಹೊತ್ಕೊಂಡು ಬಂದ್ರೆ ಗುಂಡಿ ತಾಳುತ್ತೇನೋ," ಎಂದಳು ಅಜ್ಜಿ. "ನಾನು ನೋಡು. ನನ್ನ ಬಟ್ಟೆ ನಾನೇ ಬಕೆಟ್‌ನಲ್ಲಿ ಒಗ್ಕೋತೀನಿ. ಒಂದಿನ ಒಂದು ಕರ್ಚೀಪು ಆ ಮೆಷಿನ್ನಿಗೆ ಹಾಕಿದೀನಾ?"

ಅದು ನಿಜ. ಅಜ್ಜಿ ತನ್ನ ಬಟ್ಟೆಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಇತ್ತೀಚೆಗಂತೂ ಒಣಗಿಸುವುದೂ ತನ್ನ ಕೋಣೆಯೊಳಗೇ, ಬಾಗಿಲು ಹಾಕಿಕೊಂಡು. ಅವಳ ಹಟ ಎಂದು ಎಲ್ಲರೂ ಸುಮ್ಮನಿದ್ದರು.

"ಅಪ್ಪ, ಅಮ್ಮನ ಮೇಲೆ ಹಾಕೋ ಮೊದಲು ನೀನು ವೈರ್ ಕತ್ತರಿಸಿದ್ದು ಹೇಳು," ಎಂದಳು ಮೊಮ್ಮಗಳು.

"ನೀನು ಊಟ ಮಾಡು."

ತೀರ್ಪು ಅಲ್ಲೇ ಆಯಿತು. ಪಂಪು ರಿಪೇರಿಯಾಗಿ ಬಂದು, ಒಂದು ವಾರ ಸರಿಯಾಗಿ ಓಡುವ ತನಕ ಮೆಷಿನ್ನು ಬಂದ್. ಸೊಸೆ ಮರುದಿನ ನರ್ಸಿಂಗ್ ಹೋಮಿಗೆ ಹೋಗಿ ಹೇಳಿದಳು. ಅಲ್ಲಿಯ ಮೇಟ್ರನ್ ಕೆಟ್ಟವಳಲ್ಲ. "ತಿಂಗಳ ಕೊನೆ ತನಕ ಹೇಗೋ ನಿಭಾಯಿಸ್ತೀನಮ್ಮ. ಆಮೇಲೆ ಬೇರೆಯವರಿಗೆ ಕೊಡ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡ," ಎಂದಳು.

ಆ ಹತ್ತು ದಿನ ಯಾರಿಗೂ ಬೇಡ. ಮೂರು ದಿನಕ್ಕೊಮ್ಮೆ ಲಾರಿ ಬಂದು ಎರಡನೇ ಗುಂಡಿಯ ನೀರನ್ನು ಹೀರಿಕೊಂಡು ಹೋಗುತ್ತಿತ್ತು. ಬಸ್ಸುಗಳಿಗೆ ವೇಳೆ ಬರೆಯುವ ಮಗ ಮನೆಯವರಿಗೂ ವೇಳೆ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿದ. ಆರೂವರೆಗೆ ಅಮ್ಮ, ಏಳಕ್ಕೆ ತಾನು, ಏಳೂಕಾಲಿಗೆ ಮಗಳು, ಎಲ್ಲರೂ ಹೋದ ಮೇಲೆ ಹೆಂಡತಿ. ತಲೆಗೊಂದು ಬಕೆಟ್ ನೀರು, ಸ್ನಾನಕ್ಕೂ ಒಗೆಯಲಿಕ್ಕೂ ಅದರಲ್ಲೇ. ಪಾತ್ರೆ ತೊಳೆದ ನೀರು, ಸ್ನಾನದ ನೀರು ಎಲ್ಲವನ್ನೂ ಟಬ್ಬಿನಲ್ಲಿ ಹಿಡಿದು ಹೊರಗೆ ಸುರಿಯಬೇಕು. ಸುರಿಯುವವಳು ಸೊಸೆ. ಚಾದರ ಒಗೆಯುವಾಗ ಬಾರದ ಭುಜದ ನೋವು ಈಗ ಬಂತು.

ನಾಲ್ಕನೇ ದಿನ ಅಜ್ಜಿ ಇನ್ನೊಂದು ಬಕೆಟ್ ಕೇಳಿದಳು.

"ಎಲ್ಲರಿಗೂ ಒಂದೇ ಅಮ್ಮ," ಎಂದ ಮಗ. "ರೂಲ್ ಅಂದ್ರೆ ರೂಲ್."

"ನಾನೇನು ನಿನ್ನ ಬಸ್ಸೇನೋ?"

"ನಿಂಗೇ ಬಿಟ್ರೆ ಇವಳೂ ಕೇಳ್ತಾಳೆ."

ಅಜ್ಜಿ ಖಾಲಿ ಬಕೆಟ್ ಕೆಳಗಿಟ್ಟು ಒಳಗೆ ಹೋದಳು. ಮತ್ತೆ ಕೇಳಲಿಲ್ಲ.

ಹತ್ತನೇ ದಿನ ಪಂಪು ಬಂತು. ರಿಪೇರಿಯವನು ಅದನ್ನು ಇಳಿಸಿ, ಪೈಪು ಜೋಡಿಸಿ, ಚೆಂಡನ್ನು ಕೈಯಿಂದ ಎತ್ತಿ ತೋರಿಸಿದ. ಪಂಪು ಗುಂಯ್ ಎಂದಿತು. ಕತ್ತರಿಸಿದ ವೈರನ್ನು ಸೇರಿಸಿ ಟೇಪು ಸುತ್ತಿ, "ಈ ಸಲ ಕೂಗಿದ್ರೆ ಇಕ್ಕಳ ಹುಡುಕ್ಬೇಡಿ, ಪಂಪಿನ ಮೇನ್ ಆಫ್ ಮಾಡಿ ನಂಗೆ ಫೋನ್ ಮಾಡಿ," ಎಂದು ಹೇಳಿಹೋದ. ಆರು ದಿನ ಎಲ್ಲ ಸರಿಯಿತ್ತು. ಸೊಸೆ ದಿನ ಎಣಿಸುತ್ತಿದ್ದಳು. ಶೆಡ್ಡಿಗೆ ಹೋಗಿ ಮೆಷಿನ್ನಿನ ಮೇಲಿನ ಧೂಳು ಒರೆಸಿ ಬಂದಳು.

ಏಳನೇ ದಿನ ರಾತ್ರಿ ಊಟಕ್ಕೆ ತಟ್ಟೆ ಹಾಕುವಾಗ ಡಬ್ಬಿ ಕಿರುಚಿತು. ಸೊಸೆ ಓಡಿಹೋಗಿ ಮೇನ್ ಆಫ್ ಮಾಡಿ ಬಂದಳು.

"ಒಂದು ಚಾದರ ಒಗೆದಿಲ್ಲ ನಾನು. ಈಗ ಹೇಳಿ, ಯಾರ ಬಟ್ಟೆ ಅದು?"

ಮಗ ತಲೆ ಕೆರೆದುಕೊಂಡ. ಹೆಂಡತಿಯಲ್ಲದಿದ್ದರೆ ಇನ್ನಾರು ಎಂದು ಅವನು ಯೋಚಿಸಿಯೇ ಇರಲಿಲ್ಲ. ಬಾಯಿ ಬಿಟ್ಟವಳು ಅಜ್ಜಿ.

"ಈಗಿನ ಹುಡುಗೀರು ಏನೇನು ಹಾಕ್ತಾರೋ ಯಾರು ಕಂಡ್ರು."

ಮೊಮ್ಮಗಳು ಚಮಚ ಕೆಳಗಿಟ್ಟಳು. "ಅಜ್ಜಿ! ನಾನು ಪೇಪರಲ್ಲಿ ಸುತ್ತಿ ಕಸದ ಡಬ್ಬಿಗೇ ಹಾಕೋದು. ಅಮ್ಮನ್ನ ಕೇಳು."

"ಹಾಕ್ತಾಳೆ, ನಂಗೊತ್ತು," ಎಂದಳು ಸೊಸೆ.

"ಅಲ್ಲ, ಎಲ್ಲೋ ಒಂದು ಸಲ ಮರೆತು..." ಎಂದ ಮಗ ತಟ್ಟೆ ನೋಡುತ್ತ.

"ಮರೆತು ಏನಪ್ಪಾ? ಮುಖ ನೋಡಿ ಕೇಳು!"

ಅವನು ಮುಖ ನೋಡಲಿಲ್ಲ. ಹುಡುಗಿ ಅನ್ನ ಬಿಟ್ಟು ಎದ್ದು ಬಾಗಿಲು ಹಾಕಿಕೊಂಡಳು. ಅಜ್ಜಿಯೂ ಎರಡು ತುತ್ತು ತಿಂದು, ಹಸಿವಿಲ್ಲ ಎಂದು ಎದ್ದಳು. ಪಾತ್ರೆಯಲ್ಲಿ ಉಳಿದ ಅನ್ನ ಮುಚ್ಚಿಟ್ಟು, ಎಲ್ಲರ ತಟ್ಟೆ ಎತ್ತಿದ್ದು ಸೊಸೆಯೇ.

ಮರುದಿನ ಲಾರಿಯೂ ಬಂತು, ರಿಪೇರಿಯವನೂ ಬಂದ. ಲಾರಿ ಮೊದಲನೇ ಗುಂಡಿಯನ್ನೂ ಖಾಲಿ ಮಾಡಿದ ಮೇಲೆ ರಿಪೇರಿಯವನು ಟಾರ್ಚ್ ಬಿಟ್ಟು ನಾಲಿಗೆ ಕಚ್ಚಿಕೊಂಡ. "ನೋಡಿ, ಎರಡರ ನಡುವಿನ ಪೈಪಿಗೆ ಕೆಳಗೆ ಬಾಗಿರೋ ಒಂದು ತುಂಡು ಇರ್ಬೇಕು. ಮುರಿದು ಬಿದ್ದಿದೆ. ಅದಕ್ಕೇ ತೇಲೋದೆಲ್ಲ ಸೀದಾ ಪಂಪಿಗೆ ಹೋಗ್ತಿದೆ. ಅದನ್ನ ಹಾಕ್ಕೊಡ್ತೀನಿ. ಆದ್ರೆ ಬಟ್ಟೆ ಹಾಕೋದು ನಿಲ್ಬೇಕು."

ಪಂಪು ಮೇಲೆ ಬಂತು. ಈ ಸಲ ಸುಟ್ಟಿರಲಿಲ್ಲ. ರೆಕ್ಕೆಗೆ ಸುತ್ತಿದ್ದನ್ನು ಅವನು ಇಡಿಯಾಗಿ ಎಳೆದು ನೆಲಕ್ಕೆ ಹಾಕಿ ಪೈಪಿನಿಂದ ನೀರು ಬಿಟ್ಟ. ಈಚೆಗೆ ಬಿದ್ದ ಬಟ್ಟೆ, ಇನ್ನೂ ಕೊಳೆತಿರಲಿಲ್ಲ. ಕಪ್ಪು ಹರಿದುಹೋಗುತ್ತಿದ್ದಂತೆ ಹಳದಿ ಹೂಗಳು ಕಾಣಿಸಿದವು.

ಆ ಹೂಗಳನ್ನು ಸೊಸೆ ಬಲ್ಲಳು. ಅಜ್ಜಿಗೆ ಅವಳೇ ತಂದುಕೊಟ್ಟ ನೈಟಿ. ಹರಿಯಿತು, ಬಿಸಾಡಿದೆ ಎಂದು ಅಜ್ಜಿ ಹೇಳಿದ್ದಳು. ಅಗಲ ಪಟ್ಟಿಯಾಗಿ ಹರಿದು, ಮೂರು ಮಡಿಕೆ ಮಡಚಿ, ಅಂಚಿಗೆ ಸಣ್ಣ ಸಣ್ಣ ಹೊಲಿಗೆ ಹಾಕಿದ್ದು. ಅಷ್ಟು ಸಮನಾದ ಹೊಲಿಗೆ ಆ ಮನೆಯಲ್ಲಿ ಇನ್ನಾರ ಕೈಗೂ ಬರುವುದಿಲ್ಲ. ಅರ್ಧ ಲೋಟದ ಟೀ, ಕೋಣೆಯೊಳಗಿನ ಹಗ್ಗ, ಕೇಳಿದರೂ ಸಿಗದ ಇನ್ನೊಂದು ಬಕೆಟ್ ಎಲ್ಲ ಒಮ್ಮೆಗೇ ನೆನಪಾದವು. ಮೊದಲು ಸಿಟ್ಟು ಬಂತು, ಮೈಯೆಲ್ಲ ಉರಿಯುವಂಥ ಸಿಟ್ಟು. ಅತ್ತೆ ತನ್ನನ್ನು ಅಂದಳು, ನಿನ್ನೆ ಮಗುವನ್ನೂ ಅಂದಳು. ತಲೆ ಎತ್ತಿ ನೋಡಿದರೆ ಅಡುಗೆಮನೆಯ ಕಿಟಕಿಯಲ್ಲಿ ಅಜ್ಜಿ ನಿಂತಿದ್ದಳು. ಸರಳು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು.

"ಯಾರದು ಅಂತ ನಂಗೆ ಬೇಡಮ್ಮ," ಎಂದ ರಿಪೇರಿಯವನು ಮೆಲ್ಲಗೆ. "ಇಂಥ ಗುಟ್ಟು ಎಷ್ಟೋ ಮನೆ ಗುಂಡೀಲಿ ನೋಡಿದೀನಿ."

ಅಷ್ಟರಲ್ಲಿ ಮಗ ಅರ್ಧ ದಿನ ರಜೆ ಹಾಕಿ ಬಂದ. "ಏನು ಸಿಕ್ತು?"

"ಬಟ್ಟೆ," ಎಂದ ರಿಪೇರಿಯವನು. ಅದರ ಮೇಲೆ ತನ್ನ ಗೋಣಿ ಎಳೆದುಬಿಟ್ಟಿದ್ದ.

"ಅದೇ, ಯಾರದು?"

"ನಂದೇ," ಎಂದಳು ಸೊಸೆ. "ಮೊನ್ನೆ ನೀವಿಲ್ಲದಾಗ ಒಂದು ಸಲ ಮೆಷಿನ್ ಹಾಕಿದ್ದೆ. ಜಾಲರಿ ಕಟ್ಟೋದು ಮರ್ತಿದ್ದೆ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ವಾಪಸು ತೆಗೆದುಕೊಳ್ಳಲು ಹೊತ್ತು ಮೀರಿತ್ತು.

"ಮಾತು ಕೊಟ್ಟಿದ್ದೆ ನೀನು! ನಿನ್ನೆ ಮಗಳ ಮೇಲೆ ಮಾತು ಬಂದಾಗ್ಲೂ ಬಾಯಿ ಮುಚ್ಕೊಂಡು ಕೂತಿದ್ಯಲ್ಲ, ತಾಯಿನಾ ನೀನು?"

ಅವನು ಅಲ್ಲೇ ನಿಂತು ಹಳೆ ಸಾಮಾನಿನವನಿಗೆ ಫೋನ್ ಮಾಡಿ, ಭಾನುವಾರ ಬಂದು ಮೆಷಿನ್ ಎತ್ತಿಕೊಂಡು ಹೋಗು ಎಂದ. ಸಂಜೆ ಮೊಮ್ಮಗಳು ಕೇಳಿದ್ದು ಒಂದೇ ಮಾತು, "ನೀನಾ ಅಮ್ಮ?" ಆಮೇಲೆ ಎರಡು ದಿನ ಅವಳು ತಾಯಿಯ ಜೊತೆ ಮಾತಾಡಲಿಲ್ಲ. ಗಂಡ ಅಂದದ್ದಕ್ಕಿಂತ ಸೊಸೆಗೆ ಹೆಚ್ಚು ನೋವಾದದ್ದು ಅದು.

ಶುಕ್ರವಾರ ಅವಳು ಅಜ್ಜಿಯ ಕೋಣೆಗೆ ಹೋಗಿ ಮುಚ್ಚಳವಿರುವ ಒಂದು ಬಕೆಟ್ಟು, ಮೆತ್ತನೆಯ ಹಳೇ ಚಾದರ ಹರಿದು ಮಡಚಿದ ಒಂದು ಕಟ್ಟು ಬಟ್ಟೆ ಮಂಚದ ಕೆಳಗಿಟ್ಟಳು. ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಯಾಕೆ ಹಾಗಂದೆ ಅವನ ಹತ್ರ?"

"ಮತ್ತೇನು ಹೇಳ್ಬೇಕಿತ್ತು ಅತ್ತೆ?"

"ನಾನು ಹೇಳು ಅಂದಿದ್ನಾ?"

"ಇಲ್ಲ. ಬೇಡ ಅಂತಾನೂ ನೀವು ಅನ್ಲಿಲ್ಲ."

"ನಾನು ಹೆತ್ತ ಮಗ ಅವನು. ಅವನಿಗೆ ಗೊತ್ತಾದ್ರೆ ನಾನು ಹೇಗೆ ಮುಖ ತೋರಿಸ್ಲಿ?"

"ಗೊತ್ತಾಗಲ್ಲ ಬಿಡಿ. ಈ ಬಕೆಟ್‌ಗೆ ಹಾಕಿ, ಸಾಕು. ಉಳಿದದ್ದು ನಾನು ನೋಡ್ಕೋತೀನಿ."

"ಮೆಷಿನ್ನೇ ಹೋಗ್ತಿದೆಯಲ್ಲೇ."

"ಕೈಯಿದೆಯಲ್ಲ," ಎಂದು ಸೊಸೆ ಹೊರಬಂದಳು. ಅವಳಿಗೆ ತುಂಬ ಸುಸ್ತಾಗಿತ್ತು. ಶನಿವಾರ ಮೇಟ್ರನ್ ಫೋನ್ ಮಾಡಿ, ತಿಂಗಳು ಮುಗೀತಮ್ಮ ಎಂದಾಗ ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ಸೋಮವಾರ ಹೇಳುತ್ತೇನೆ ಎಂದಳು.

ಭಾನುವಾರ ಹತ್ತು ಗಂಟೆಗೆ ಹಳೆ ಸಾಮಾನಿನವನು ಗಾಡಿ ತಂದ. ಮಗ ಶೆಡ್ಡಿನಲ್ಲಿ ಬಗ್ಗಿ ನೀರಿನ ಪೈಪು ಬಿಚ್ಚಲು ಹೊರಟಿದ್ದ. ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಬೇರೆಲ್ಲೋ ನೋಡುತ್ತಿದ್ದಳು. ಸೊಸೆ ಹಗ್ಗದ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಆಗ ಅಜ್ಜಿ ಮುಚ್ಚಳದ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಹೆಜ್ಜೆಗೊಮ್ಮೆ ನಿಂತು ಬಂದಳು.

"ಸರಿಯೋ ಆ ಕಡೆ."

"ಅಮ್ಮ, ನೀನ್ಯಾಕೆ ಬಂದೆ? ಇವರು ಮೆಷಿನ್ ತಗೊಂಡು ಹೋಗೋಕೆ ಬಂದಿದ್ದಾರೆ."

ಅಜ್ಜಿ ಮೆಷಿನ್ನಿನ ಬಾಗಿಲು ತೆಗೆದು ಬಕೆಟ್ಟಿನಲ್ಲಿದ್ದದ್ದನ್ನು ಒಂದೊಂದಾಗಿ ಒಳಗೆ ಹಾಕಿದಳು. ಎಲ್ಲರಿಗೂ ಕಾಣುವಂತೆ, ನಿಧಾನವಾಗಿ ಹಾಕಿದಳು. ಮಡಚಿದ ಪಟ್ಟಿಗಳು, ಒಳಲಂಗ, ಕೊನೆಗೆ ಹಳದಿ ಹೂವಿನ ನೈಟಿಯ ಉಳಿದ ತುಂಡು.

"ನನ್ನ ಬಟ್ಟೆ ಒಳಗಿದೆ. ಅದು ಹೇಗೆ ತಗೊಂಡು ಹೋಗ್ತಾರೋ ನೋಡ್ತೀನಿ," ಎಂದಳು. ಆಮೇಲೆ ದನಿ ಇಳಿಸಲಿಲ್ಲ. "ಗುಂಡಿ ಕೆಡಿಸಿದ್ದು ನಾನು. ಆರು ತಿಂಗಳಿಂದ ಉಚ್ಚೆ ತಡ್ಕೊಳ್ಳೋಕೆ ಆಗ್ತಿಲ್ಲ ನಂಗೆ. ಬಟ್ಟೆ ಇಟ್ಕೋತೀನಿ. ಹೊರಗೆ ಒಣಗಿಸೋಕೆ ನಾಚಿಕೆ, ಒಗೆಯೋಕೆ ಆಗದೇ ಹೋದಾಗ ಕಮೋಡಿಗೆ ಹಾಕ್ತಿದ್ದೆ. ಒಂದು ಬಕೆಟ್ ನೀರು ಅಂದ್ಯಲ್ಲ, ಆವತ್ತಿಂದ ಎಲ್ಲಾನೂ ಅಲ್ಲಿಗೇ ಹಾಕ್ದೆ. ಇವಳು ಒಂದು ಚಾದರಾನೂ ಒಗ್ದಿಲ್ಲ. ನಿಂಗೆ ಹೇಳಿದ್ದು ಸುಳ್ಳು, ನನ್ನ ಮಾನ ಮುಚ್ಚೋಕೆ."

ಮಗ ಕೈಯಲ್ಲಿ ಪಾನಾ ಹಿಡಿದೇ ನಿಂತಿದ್ದ. ಹಳೆ ಸಾಮಾನಿನವನು ತನಗೆ ಸಂಬಂಧವಿಲ್ಲವೆಂಬಂತೆ ಗಾಡಿಯ ಚಕ್ರ ನೋಡತೊಡಗಿದ.

"ಅಮ್ಮ... ನಂಗೆ ಹೇಳ್ಬಾರ್ದಿತ್ತಾ?"

"ಯಾರಿಗೆ ಹೇಳ್ಲಿ? ಬಾಗಿಲಿಗೆ ಟೈಮ್ ಟೇಬಲ್ ಅಂಟಿಸಿದವನಿಗಾ?" ಅಜ್ಜಿ ಬಾಗಿಲು ಮುಚ್ಚಿ ಮೆಷಿನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇದರಲ್ಲಿ ಯಾವುದನ್ನ ಒತ್ತೋದೇ?"

"ಹಸಿರು ಬಟನ್ನು ಅಜ್ಜಿ," ಎಂದು ಮೊಮ್ಮಗಳು ಎದ್ದು ಬಂದಳು. ತಾಯಿಯ ಪಕ್ಕ ಬಂದು ನಿಂತಳು, ಅವಳ ಕೈಯಿಂದ ಕ್ಲಿಪ್ಪಿನ ಡಬ್ಬಿ ತೆಗೆದುಕೊಂಡಳು.

ಮೆಷಿನ್ನು ಗಡಗಡ ಎಂದು ಶುರುವಾಯಿತು. ಯಾರೂ ಒಳಗೆ ಹೋಗಲಿಲ್ಲ. ಮಗ ಮೆಟ್ಟಿಲ ಮೇಲೆ ಕೂತು ಪಾನಾವನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದ. ಬಹಳ ಹೊತ್ತಿನ ಮೇಲೆ ಮೆಷಿನ್ನಿನ ನೀರು ಪೈಪಿನಲ್ಲಿ ಇಳಿಯಿತು. ಎಲ್ಲರೂ ಗೋಡೆಯ ದೀಪ ನೋಡಿದರು. ದೀಪ ಹೊತ್ತಲಿಲ್ಲ. ನೆಲದಡಿಯಿಂದ ಪಂಪು ಗುಂಯ್ ಎಂದಿತು, ಎರಡು ನಿಮಿಷ ಓಡಿತು, ನಿಂತಿತು.

"ಹಾಗಾದ್ರೆ ನಾನು ಹೊರಡ್ಲಾ?" ಎಂದ ಹಳೆ ಸಾಮಾನಿನವನು.

"ಟೀ ಕುಡ್ಕೊಂಡು ಹೋಗಿ," ಎಂದ ಮಗ. ಹೆಂಡತಿಯ ಮುಖ ನೋಡಲಾರದೆ, "ಇರು, ನಾನೇ ಇಡ್ತೀನಿ," ಎಂದು ಎದ್ದ. ಅವನು ಒಲೆಯ ಹತ್ತಿರ ನಿಂತದ್ದನ್ನು ಆ ಮನೆ ನೋಡಿ ವರ್ಷಗಳಾಗಿದ್ದವು. ಒಳಗೆ ಪಾತ್ರೆ ಬಿದ್ದ ಸದ್ದು ಕೇಳಿತು. ಸಕ್ಕರೆ ಎಲ್ಲಿದೆ ಎಂದು ಎರಡು ಸಲ ಕೂಗಿದ.

ಅಜ್ಜಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. "ಸೋಮವಾರ ಚಾದರ ತರ್ತೀಯಾ?" ಎಂದು ಸೊಸೆಯನ್ನು ಕೇಳಿದಳು.

"ತರ್ತೀನಿ ಅತ್ತೆ."

ಮಗ ತಟ್ಟೆಯಲ್ಲಿ ಲೋಟಗಳನ್ನು ಜೋಡಿಸಿಕೊಂಡು ಬಂದ. ಅಮ್ಮನಿಗೆಂದು ಅರ್ಧ ಮಾತ್ರ ಹಾಕಿದ್ದ ಲೋಟವನ್ನು ಮುಂದೆ ಹಿಡಿದ. ಅಜ್ಜಿ ಅದರೊಳಗೆ ಇಣುಕಿ ನೋಡಿ ವಾಪಸು ಕೊಟ್ಟಳು.

"ಪೂರ್ತಿ ತುಂಬಿಸ್ಕೊಂಡು ಬಾ," ಎಂದಳು.